ದಿನಕ್ಕೊಂದು ಫೋಟೊ, ವರ್ಷ ಪೂರ್ತಿ: 53ನೇ ದಿನ ತಪ್ಪಿತು, ಈಗ ಏನ್ ಮಾಡ್ಲಿ?

ಗೊಬ್ಬರದಂಗಡಿ_ಕೊಪ್ಪಳ · ಫೆಬ್ರುವರಿ 27, ರಾತ್ರಿ 10:40
ಎಲ್ಲಾರಿಗೂ ನಮಸ್ಕಾರ್ರಿ. ಜನವರಿ 1ರಿಂದ ದಿನಕ್ಕೊಂದು ಫೋಟೊ ತೆಗಿಯಾಕ ಹತ್ತೀನಿ. ಕ್ಯಾಮೆರಾ ಇಲ್ಲ, ಮೊಬೈಲೇ. ಡಿಸೆಂಬರ್ 31ಕ್ಕ 365 ಆಗಬೇಕು ಅಂತ ಮನಸ್ನ್ಯಾಗ ಇಟಗೊಂಡು ಶುರು ಮಾಡಿದ್ದು.

ಮೊದಲ ತಿಂಗಳು ತೊಂದರಿನೇ ಆಗಲಿಲ್ಲ. ಗವಿಮಠದ ಜಾತ್ರಿ ಬಂತು. ಟ್ರ್ಯಾಕ್ಟರ್‌ನ್ಯಾಗ ರೊಟ್ಟಿ ಹೇರಿಕೊಂಡು ಬರೋ ಹಳ್ಳಿ ಮಂದಿ, ದಾಸೋಹದ ಒಲಿ, ತೇರಿನ ಹಗ್ಗ, ಬಳಿ ಅಂಗಡಿ. ಒಂದೇ ದಿನಕ್ಕ ಹತ್ತು ಫೋಟೊ ಸಿಗ್ತಿದ್ದವು, ಒಂದನ್ನ ಆರಿಸೋದೇ ಕಷ್ಟ. ಜಾತ್ರಿ ಮುಗೀತು, ತೆಗಿಯೋದೂ ಮುಗದಂಗ ಆಗೇತಿ. ನಾನು ಗೊಬ್ಬರ-ಬೀಜದ ಅಂಗಡ್ಯಾಗ ಕೆಲಸ ಮಾಡೋನು. ಮುಂಜಾನಿ ಎಂಟೂವರೆಗೆ ಶಟರ್ ಎತ್ತಿದರ ರಾತ್ರಿ ಒಂಬತ್ತಕ್ಕ ಇಳಿಸೋದು. ಕೊಪ್ಪಳದ ಕೋಟಿ ಗುಡ್ಡ ಹತ್ತಾಕ, ಆನೆಗೊಂದಿಗೆ ಹೋಗಾಕ ಯಾವಾಗ ಆಗ್ತೈತಿ? ಫೆಬ್ರುವರಿದು ತಿರುವಿ ನೋಡಿದರ ಆರು ಸಲ ಚಹಾದ ಕಪ್ಪು, ಐದು ಸಲ ಸಂಜಿ ಆಕಾಶ.

ಅದರ ಮ್ಯಾಲೆ 22ನೇ ತಾರೀಖು ಮಗಳಿಗೆ ಜ್ವರ ಏರಿ ದವಾಖಾನಿಗೆ ಓಡಿದ್ವಿ. ಮರುದಿನ ಮುಂಜಾನಿ ನೆನಪಾತು, ಫೋಟೊನೇ ತೆಗ್ದಿಲ್ಲ ಅಂತ. ಈಗ ಆಕಿ ಆರಾಮ ಅದಾಳ. ಆದರ 53ನೇ ದಿನದ ಜಾಗ ಖಾಲಿ. ಮೊದಲಿಂದ ಶುರು ಮಾಡ್ಲೋ, ಮುಂದುವರಿಸ್ಲೋ? ಮತ್ತ ಏನ್ ತೆಗಿಲಿ?

ಬಿಸಿಲೂರು · ರಾತ್ರಿ 10:52
ಮೊದಲಿಂದ ಮಾಡ್ರಿ. 365 ಅಂದ್ರ 365. ಒಂದು ಬಿಟ್ರ ಅದು ವ್ರತ ಅಲ್ಲ.

ಸಿಂಧನೂರು_ಅಕ್ಕ · ರಾತ್ರಿ 10:58
ಮಗಳಿಗೆ ಜ್ವರ ಇದ್ದಾಗ ಫೋಟೊ ನೆನಪಾಗಲಿಲ್ಲ ಅಂದ್ರ ನೀವು ಸರಿಯಾಗೇ ಇದ್ದೀರಿ ತಮ್ಮಾ. ಮುಂದುವರಿಸ್ರಿ. ಮಗಳು ಊಟ ಮಾಡ್ತಾಳಿಲ್ಲೋ ಅದು ಹೇಳ್ರಿ ಮೊದಲು.

ಬಿಸಿಲೂರು · ರಾತ್ರಿ 11:03
ಅಕ್ಕಾರ, ಮಗಳ ವಿಷಯ ಬ್ಯಾರೆ, ನಿಯಮದ ವಿಷಯ ಬ್ಯಾರೆ. ನಾನು ಅವರನ್ನ ಬೈಲಿಕ್ಕೆ ಹೇಳಿದ್ದಲ್ಲ. ನಾನೇ ಎರಡು ಸಲ ಬಿಟ್ಟೀನಿ, ಒಂದು ಸಲ 19ನೇ ದಿನಕ್ಕ, ಇನ್ನೊಂದು ಸಲ 140ಕ್ಕ. ಒಂದು ದಿನ ತಪ್ಪಿದ್ದು ಎರಡಾಗ್ತದ, ಎರಡು ವಾರ ಆಗ್ತದ. ಅದಕ್ಕ ಹೇಳಿದ್ದು.

ನೈಟ್‌ಡ್ಯೂಟಿ_ಬಳ್ಳಾರಿ · ರಾತ್ರಿ 11:20
ನಾನು ನರ್ಸು, ರಾತ್ರಿ ಪಾಳಿ ಇರ್ತೈತೆ. ನನಗೆ ಮೊದಲು ಎದುರಾದ ಪ್ರಶ್ನೆನೇ "ದಿನ" ಅಂದ್ರೆ ಯಾವುದು ಅನ್ನೋದು. ಎಂಟಕ್ಕೆ ಡ್ಯೂಟಿಗೆ ಹೋಗಿ ಬೆಳಿಗ್ಗೆ ಎಂಟಕ್ಕೆ ಬರ್ತೀನಿ. ಹನ್ನೆರಡಕ್ಕೆ ತಾರೀಖು ಬದಲಾದಾಗ ನಾನು ಡ್ರಿಪ್ ಬದಲಾಯಿಸ್ತಾ ಇರ್ತೀನಿ. ಅದಕ್ಕೆ ನನ್ನ ಲೆಕ್ಕ ಏನಂದ್ರೆ ಮಲಗಿ ಏಳೋತನಕ ಒಂದು ದಿನ. ಡ್ಯೂಟಿ ಮುಗಿಸಿ ಬರ್ತಾ ಕೌಲ್‌ಬಜಾರ್ ಕಡೆ ಒಂದು ಫೋಟೊ, ಆಮೇಲೆ ನಿದ್ದೆ. ವಾರ್ಡ್ ಒಳಗೆ ಮಾತ್ರ ಒಂದೂ ತೆಗೆದಿಲ್ಲ, ತೆಗೆಯೋದೂ ಇಲ್ಲ. ಕಾಯಿಲೆಯವರು ಬೇಡ ಅಂತ ಹೇಳೋ ಸ್ಥಿತಿಯಲ್ಲೂ ಇರಲ್ಲ.

ಅಣ್ಣಾ, ನೀವು 23ರ ಬೆಳಿಗ್ಗೆ ಮಲಗೋಕೆ ಮುಂಚೆನೇ ನೆನಪಾಗಿದ್ರೆ ನನ್ನ ಲೆಕ್ಕದಲ್ಲಿ ಅದು ಇನ್ನೂ 22ನೇ.

ಗೊಬ್ಬರದಂಗಡಿ_ಕೊಪ್ಪಳ · ರಾತ್ರಿ 11:26
ಇಲ್ಲಕ್ಕ, ಬೆಂಚಿನ ಮ್ಯಾಲೆ ನಿದ್ದಿ ಹತ್ತಿತ್ತು. ತಪ್ಪಿದ್ದು ಖರೆ. ಅಕ್ಕಾರ, ಮಗಳು ಇವತ್ತು ಎರಡು ರೊಟ್ಟಿ ತಿಂದಳು.

ಮಸ್ಕಿ_ಕಡೆಯವ · ಫೆಬ್ರುವರಿ 28, ಮುಂಜಾನೆ 6:15
ತಪ್ಪಿದ ದಿನದ ಬಗ್ಗೆ ಒಂದು ಮಾತು. ತೆಹ್ಚಿಂಗ್ ಶೇ ಅಂತ ಒಬ್ಬ ಕಲಾವಿದ, ತೈವಾನ್ ಮೂಲದವನು. ನ್ಯೂಯಾರ್ಕಿನಲ್ಲಿ 1980ರ ಏಪ್ರಿಲ್ 11ರಿಂದ ಒಂದು ವರ್ಷ, ಹಗಲು ರಾತ್ರಿ ಗಂಟೆಗೊಮ್ಮೆ ಹಾಜರಿ ಯಂತ್ರಕ್ಕೆ ಕಾರ್ಡ್ ಒತ್ತಿದ, ಪ್ರತಿ ಸಲ ತನ್ನದೊಂದು ಚಿತ್ರ ತೆಗೆದ. ಒಟ್ಟು 8,760 ಸಲ ಆಗಬೇಕಿತ್ತು. 133 ಸಲ ತಪ್ಪಿತು, ಹೆಚ್ಚಿನವು ನಿದ್ದೆಯಲ್ಲಿ. ಆತ ಮೊದಲಿಂದ ಶುರು ಮಾಡಲಿಲ್ಲ, ಮುಚ್ಚಿಡಲೂ ಇಲ್ಲ. ತಪ್ಪಿದ್ದನ್ನೆಲ್ಲ ಪಟ್ಟಿ ಮಾಡಿ ಕೆಲಸದ ಜೊತೆಗೇ ಇಟ್ಟ. ಆರಂಭದ ದಿನ ತಲೆ ಬೋಳಿಸಿಕೊಂಡಿದ್ದ. ಚಿತ್ರಗಳನ್ನು ಸಾಲಾಗಿ ನೋಡಿದರೆ ಕೂದಲು ಭುಜದ ತನಕ ಬೆಳೆಯೋದು ಕಾಣುತ್ತದೆ.

53ನೇ ದಿನದ ಜಾಗ ಖಾಲಿ ಬಿಡಿ. ಅಲ್ಲಿ "ಮಗಳಿಗೆ ಜ್ವರ, ದವಾಖಾನೆ" ಅಂತ ಬರೆದಿಡಿ. ಇಪ್ಪತ್ತು ವರ್ಷ ಆದಮೇಲೆ ಆರು ಚಹಾ ಕಪ್ಪಿಗಿಂತ ಮಗಳು ಮೊದಲು ನೋಡೋದು ಅದನ್ನೇ.

ಬಿಸಿಲೂರು · ಮುಂಜಾನೆ 7:02
ಇದು ಒಪ್ಪೀನಿ ಸರ್. ಬರದಿಟ್ರ ತಪ್ಪಿಸಿದಂಗ ಅಲ್ಲ. ನನ್ನ ಮಾತು ವಾಪಸ್.

ರೀಲ್_ಕಾಲದ_ಕಾಕಾ · ಮುಂಜಾನೆ 7:40
ನಾನು ಬಳ್ಳಾರಿಯಲ್ಲಿ ಮೂವತ್ತು ವರ್ಷ ಸ್ಟುಡಿಯೋ ನಡೆಸಿದವನು. ತಪ್ಪಿದ ದಿನದ ಬಗ್ಗೆ ಎಲ್ಲರೂ ಹೇಳ್ತಾ ಇದೀರಿ, "ಒಂದು" ಅನ್ನೋದರ ಬಗ್ಗೆ ಯಾರೂ ಹೇಳ್ತಾ ಇಲ್ಲ. ರೀಲಿಗೆ 36 ಫೋಟೊ. ವರ್ಷಕ್ಕೆ ದಿನಕ್ಕೊಂದರಂತೆ ಹತ್ತು ರೀಲು, ಮೇಲೆ ಐದು. ಅಷ್ಟೇ. ಬಟನ್ ಒತ್ತೋ ಮುಂಚೆ ನಿಂತು ನೋಡ್ತಿದ್ವಿ, ಬೆಳಕು ಎಲ್ಲಿಂದ ಬರ್ತಾ ಐತೆ, ಹಿಂದೆ ಏನೈತೆ ಅಂತ. ಈಗ ನಲವತ್ತು ತೆಗೆದು ಒಂದನ್ನ ಆರಿಸ್ತಾರೆ. ಅದು ದಿನಕ್ಕೊಂದು ಫೋಟೊ ಅಲ್ಲ, ದಿನಕ್ಕೊಂದು ಆಯ್ಕೆ.

ಅಮೆರಿಕದಲ್ಲಿ ಜೇಮಿ ಲಿವಿಂಗ್‌ಸ್ಟನ್ ಅಂತ ಒಬ್ಬ ಇದ್ದ. 1979ರ ಮಾರ್ಚ್ 31ರಿಂದ 1997ರ ಅಕ್ಟೋಬರ್ 25ರವರೆಗೆ ದಿನಕ್ಕೊಂದು ಪೋಲರಾಯ್ಡ್ ತೆಗೆದ. ಕೊನೇ ತಾರೀಖು ಅವನು ತೀರಿಕೊಂಡ ದಿನ. ಪೋಲರಾಯ್ಡ್ ಅಂದ್ರೆ ಒತ್ತಿದ ತಕ್ಷಣ ಕಾಗದ ಹೊರಗೆ ಬರ್ತೈತೆ, ಅಳಿಸೋ ಮಾತೇ ಇಲ್ಲ. ಒಂದು ಸಲ ಒತ್ತಿ ನೋಡು ತಮ್ಮಾ, ಒಂದೇ ಸಲ.

ಹಂಪಿಕಡೆ_ಹುಡುಗ · ಮುಂಜಾನೆ 8:05
ಕಾಕಾ, ಅದು ನಿಮ್ಮ ಕಾಲದ ಖರ್ಚಿನ ಲೆಕ್ಕ. ಈಗ ಖರ್ಚಿಲ್ಲ ಅಂದಮೇಲೆ ನಲವತ್ತು ತೆಗೆದು ಕಲಿಯೋದರಲ್ಲಿ ತಪ್ಪೇನಿದೆ? ಕಲಿಯೋರು ಹೆಚ್ಚು ತೆಗೀಬೇಕು.

ರೀಲ್_ಕಾಲದ_ಕಾಕಾ · ಮುಂಜಾನೆ 8:31
ಕಲಿಯೋಕೆ ತೆಗಿ, ಬೇಡ ಅನ್ನಲ್ಲ. ಆದ್ರೆ ಈ ತಮ್ಮ ಕೇಳ್ತಿರೋದು ಕಲಿಯೋ ವಿಷಯ ಅಲ್ಲ. ಹನ್ನೆರಡೂವರೆ ತಾಸು ಅಂಗಡಿಯಲ್ಲಿ ನಿಲ್ಲೋನಿಗೆ ನಲವತ್ತರಲ್ಲಿ ಆರಿಸೋ ಹೊತ್ತು ಎಲ್ಲಿಂದ ಬರ್ಬೇಕು?

ಕಿನ್ನಾಳ_ದಾರಿ · ಮುಂಜಾನೆ 9:10
ಏನ್ ತೆಗಿಬೇಕು ಅನ್ನೋದಕ್ಕ: ಭಾನುವಾರ ಕಿನ್ನಾಳಕ್ಕ ಬರ್ರಿ, ಹತ್ರನೇ ಐತಿ. ಚಿತ್ರಗಾರರ ಮನ್ಯಾಗ ಒಂದು ಗೊಂಬಿ ಹಿಡದು ಸಾಲಾಗಿ ತೆಗೀರಿ. ಪೊಳಕಿ ಮರದ ತುಂಡು, ಕೆತ್ತಿದ್ದು, ಹುಣಸಿ ಬೀಜದ ಅಂಟು ಹಚ್ಚಿದ್ದು, ಬಣ್ಣ ಬಿದ್ದಿದ್ದು. ಕೇಳಿ ತೆಗೀರಿ ಮತ್ತ, ಅದು ಅವರ ಮನಿ.

ಗುಡಿ_ನೋಡುವ · ಮುಂಜಾನೆ 9:34
ಹಂಗಾದ್ರ ಇಟಗಿಗೂ ಹೋಗ್ರಿ. ಮಹಾದೇವ ದೇವಾಲಯಕ್ಕ ಹತ್ತನೇ ಶತಮಾನದ ಕಂಬ ಅವ, ಮುಂಜಾನಿ ಎಳಿ ಬಿಸಿಲಿಗೆ ನೋಡಬೇಕು.

ಮಸ್ಕಿ_ಕಡೆಯವ · ಮುಂಜಾನೆ 9:50
ಹತ್ತನೇ ಶತಮಾನ ಅಲ್ಲ. ಇಟಗಿ ಗುಡಿ 1112ರದು, ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ನೀವು ಕುಕನೂರಿನ ನವಲಿಂಗ ಗುಡಿ ಜೊತೆ ಕೂಡಿಸಿದ್ದೀರಿ ಅನ್ನಿಸುತ್ತದೆ, ಅದು ಇದಕ್ಕಿಂತ ಹಳೆಯದು. ಬೆಳಕಿನ ಮಾತು ಮಾತ್ರ ನಿಜ. ಓರೆ ಬಿಸಿಲಿಗೆ ಕೆತ್ತನೆಯ ಆಳ ಎದ್ದು ಕಾಣುತ್ತದೆ, ನಡುಮಧ್ಯಾಹ್ನ ಎಲ್ಲ ಚಪ್ಪಟೆ.

ಗುಡಿ_ನೋಡುವ · ಮುಂಜಾನೆ 9:58
ಹೌದ್ರಿ ಸರ್, ಕುಕನೂರು ನೆನಪಿನ್ಯಾಗಿತ್ತು. ತಿದ್ದಿದ್ದಕ್ಕ ಧನ್ಯವಾದ.

ಸಿಂಧನೂರು_ಅಕ್ಕ · ಮುಂಜಾನೆ 10:20
ಗುಡಿ, ಗೊಂಬಿ ಎಲ್ಲಾ ಚಲೋನೇ. ಆದ್ರ ಆ ತಮ್ಮ ಹೋಗಾಕ ಆಗಲ್ಲ ಅಂತನೇ ಹೇಳ್ಯಾನ. ನಾ ನನ್ನ ಕತಿ ಹೇಳ್ತೀನಿ ಕೇಳ್ರಿ.

ನಮ್ಮ ಮನಿ ಎರಿ ಭೂಮಿ ಮ್ಯಾಲೆ ಐತಿ. ಅಡಗಿ ಮನಿ ಗ್ವಾಡಿಗೆ ಒಂದು ಬಿರುಕು. ಕಟ್ಟಿದ ಮೇಸ್ತ್ರಿಗೆ ಹೇಳಿದ್ರ "ಸಿಮೆಂಟ್ ಮೆತ್ತಿದ್ರ ಮುಗೀತು" ಅಂದ. ಎರಡು ಸಲ ಮೆತ್ತಿಸಿದ್ವಿ, ಎರಡೂ ಸಲ ಬಿಟ್ಟಿತು. ಹೋದ ವರ್ಷ ಫೆಬ್ರುವರ್ಯಾಗ ನಾನು ಬಿರುಕಿನ ಬಾಜೂಕ ಐದು ರೂಪಾಯಿ ನಾಣ್ಯ ಇಟ್ಟು ದಿನಾ ಫೋಟೊ ತೆಗಿಯಾಕ ಶುರು ಮಾಡಿದೆ. ನಾಣ್ಯ ಯಾಕಂದ್ರ ಅಳತಿಗೆ. ಒಲಿ ಹಚ್ಚೋ ಮುಂಚೆ ಒಂದು ಫೋಟೊ, ಆಮ್ಯಾಲೆ ಚಹಾ. ದಿನಾ ನೋಡಿದ್ರ ಏನೂ ಗೊತ್ತಾಗಂಗಿಲ್ಲ. ಮೇ ತಿಂಗಳದ್ದು ಫೆಬ್ರುವರಿ ಫೋಟೊ ಬಾಜೂಕ ಇಟ್ಟಾಗ ಗಾಬರಿ ಆತು, ಬೆರಳಿನ ಉಗುರು ಹೋಗೋವಷ್ಟು ಬಿಟ್ಟಿತ್ತು. ಮಳಿ ಹಿಡೀತು, ಸೆಪ್ಟೆಂಬರಿಗೆ ಮತ್ತ ಕೂದಲೆಳಿ ಅಷ್ಟಾತು. ಎರಿ ಮಣ್ಣು ಒಣಗಿದ್ರ ಕುಗ್ತೈತಿ, ನೀರು ಕುಡದ್ರ ಉಬ್ಬತೈತಿ, ಅದರ ಜೋಡಿ ಗ್ವಾಡಿನೂ. ಬ್ಯಾರೆ ಎಂಜಿನಿಯರ್‌ಗೆ ಇನ್ನೂರಕ್ಕೂ ಹೆಚ್ಚು ಫೋಟೊ ತೋರಿಸಿದೆ. ಮೊಬೈಲ್ ಕೈಯಾಗ ಹಿಡಕೊಂಡು ಒಂದೊಂದಾಗಿ ಸರಸಿ ನೋಡಿದ. ಮೆತ್ತೋ ಮಾತು ಬಿಟ್ಟು ಬುನಾದಿ ಸುತ್ತ ನೀರು ನಿಲ್ಲದಂಗ ಮಾಡೋ ಮಾತಾಡಿದ.

ಇದಕ್ಕ ನಾನು ಎಲ್ಲಿಗೂ ಹೋಗಿಲ್ಲ. ಅಡಗಿ ಮನಿ ಬಿಟ್ಟು ಹೊರಗ ಕಾಲಿಟ್ಟಿಲ್ಲ.

ನೈಟ್‌ಡ್ಯೂಟಿ_ಬಳ್ಳಾರಿ · ಮುಂಜಾನೆ 10:41
ಅಕ್ಕಾ, ಇದನ್ನ ಓದಿ ನಮ್ಮ ಮನೆ ಗೋಡೆ ನೋಡೋಕೆ ಎದ್ದು ಹೋದೆ.

ಹಂಪಿಕಡೆ_ಹುಡುಗ · ಮುಂಜಾನೆ 11:15
ಉಪಯೋಗದ ಕೆಲಸ, ಒಪ್ಪಿದೆ. ಆದರೆ ಒಂದೇ ಗೋಡೆ ಇನ್ನೂರು ಸಲ ತೆಗೆದರೆ ಅದು ದಾಖಲೆ ಆಗುತ್ತೆ, ಛಾಯಾಗ್ರಹಣ ಹೇಗೆ ಆಗುತ್ತೆ? ದಿನಾ ಹೊಸದನ್ನ ಹುಡುಕಿದರೆ ತಾನೇ ಕಣ್ಣು ಬೆಳೆಯೋದು.

ಶಾಲೆಯ_ಅಂಗಳ · ಮಧ್ಯಾಹ್ನ 12:45
ತಮ್ಮಾ, ಒಂದೇ ಜಾಗ ನೋಡಿದ್ರ ಕಣ್ಣು ಬೆಳಿಯಂಗಿಲ್ಲ ಅಂತ ಯಾರು ಹೇಳಿದ್ರು? ನಾನು ಕೊಪ್ಪಳ ತಾಲೂಕಿನ ಒಂದು ಹಳ್ಳಿ ಸಾಲ್ಯಾಗ ಮಾಸ್ತರ. ನಮ್ಮ ಮಕ್ಕಳ ಕೂಡ ಧ್ವಜಕಂಬದ ನೆರಳಿನ ಫೋಟೊ ತೆಗಿತೀವಿ, ನಡುಹಗಲು ಸೂರ್ಯ ಎತ್ತರಕ್ಕಿದ್ದಾಗ. ನಮ್ಮ ಕಡೆ ಅದು ಗಡಿಯಾರದ ಹನ್ನೆರಡಕ್ಕ ಆಗಂಗಿಲ್ಲ, ವರ್ಷದಾಗ ಹೆಚ್ಚಿನ ದಿನ ಹನ್ನೆರಡೂ ಇಪ್ಪತ್ತು ದಾಟಬೇಕು. ದೇಶದ ಗಡಿಯಾರ ಇರೋದು 82.5 ಡಿಗ್ರಿ ರೇಖಾಂಶಕ್ಕ, ನಾವು ಅದಕ್ಕಿಂತ ಪಶ್ಚಿಮಕ್ಕ ಅದೀವಿ.

ಡಿಸೆಂಬರಿನ್ಯಾಗ ಹತ್ತಡಿ ಕಂಬಕ್ಕ ಎಂಟಡಿ ನೆರಳು, ಉತ್ತರಕ್ಕ. ದಿನಾ ಸಣ್ಣದಾಗ್ತಾ ಆಗ್ತಾ ಮೇ ಮೊದಲ ವಾರದಾಗ ಒಂದು ದಿನ ನೆರಳು ಕಂಬದ ಬುಡದಾಗ ಸೇರಿಬಿಡತೈತಿ. ಆಮ್ಯಾಲೆ ದಕ್ಷಿಣಕ್ಕ ತಿರಗತೈತಿ! ಆಗಸ್ಟ್ 10ರ ಆಸುಪಾಸು ಮತ್ತೊಮ್ಮೆ ಬುಡಕ್ಕ ಬಂದು, ತಿರುಗಿ ಉತ್ತರಕ್ಕ. ಪುಸ್ತಕದಾಗ ಉತ್ತರಾಯಣ ದಕ್ಷಿಣಾಯನ ಅಂತ ಎಷ್ಟು ಸಲ ಓದ್ಸಿದ್ರೂ ತಲಿಗೆ ಹೋಗದ ಹುಡುಗರು, ಫೋಟೊ ಸಾಲಾಗಿ ಗ್ವಾಡಿಗೆ ಅಂಟಿಸಿದ್ರ ತಾವೇ ಬೆರಳಿಟ್ಟು ತೋರಿಸ್ತಾರ. ರಜೆ ದಿನಕ್ಕ ಹುಡುಗರೇ ಸರದಿ ಹಚ್ಚಿಕೊಂಡಾರ.

ಬಿಸಿಲೂರು · ಮಧ್ಯಾಹ್ನ 1:10
ಮಾಸ್ತರ, ಬ್ಯಾಸಿಗ್ಯಾಗ ದಿನಾ ಹನ್ನೆರಡಕ್ಕ ನೆರಳೇ ಬೀಳಂಗಿಲ್ಲ ಅಂತ ನಮ್ಮ ಅಜ್ಜ ಹೇಳ್ತಿದ್ರಲ್ಲ?

ಶಾಲೆಯ_ಅಂಗಳ · ಮಧ್ಯಾಹ್ನ 1:22
ಸಣ್ಣದಿರತೈತಿ, ಅದಕ್ಕ ಹಂಗ ಅಂತಿದ್ರು. ಪೂರ್ತಿ ಇಲ್ಲದಂಗ ಆಗೋದು ವರ್ಷಕ್ಕ ಎರಡೇ ದಿನ. ನಿಮ್ಮ ರಾಯಚೂರು ನಮಗಿಂತ ಉತ್ತರಕ್ಕೈತಿ, ನಿಮಗ ಮೇನಾಗ ಮೂರು ದಿನ ತಡ, ಆಗಸ್ಟಿನ್ಯಾಗ ಮೂರು ದಿನ ಮೊದಲು. ಕಂಬ ನೆಟ್ಟಗಿರಬೇಕು, ದಾರಕ್ಕ ಕಲ್ಲು ಕಟ್ಟಿ ನೋಡ್ರಿ.

ಹಂಪಿಕಡೆ_ಹುಡುಗ · ಮಧ್ಯಾಹ್ನ 1:30
ಸರಿ ಮಾಸ್ತರ. ಒಂದೇ ಜಾಗದ ಮಾತಿಗೆ ನಾನು ಸೋತೆ, ನೆರಳು ತಿರುಗೋದು ನನಗೆ ಗೊತ್ತೇ ಇರಲಿಲ್ಲ.

ಎಡದಂಡೆ_ಮುನಿರಾಬಾದ್ · ಮಧ್ಯಾಹ್ನ 3:05
ನಂದೂ ಒಂದೇ ಜಾಗ. 2024ರಾಗ ಸಂಜಿ ಹೊತ್ತು ಮನಿ ಮಾಳಿಗಿಯಿಂದ ದಿನಾ ಒಂದು ತೆಗಿತಿದ್ದೆ, ದೂರಕ್ಕ ತುಂಗಭದ್ರಾ ಡ್ಯಾಮಿನ ಹಿನ್ನೀರು ಕಾಣತೈತಿ. ಜೂನಿನ್ಯಾಗ ಕೆಸರು, ಜುಲೈನ್ಯಾಗ ಏರೋ ನೀರು, ಆಗಸ್ಟ್ ಮೊದಲ ವಾರ ತುಂಬಿ ತುಳುಕೋ ಡ್ಯಾಮು. ಆಗಸ್ಟ್ 10ರ ಸಂಜಿದೂ ಅಂಥದ್ದೇ ಫೋಟೊ, ತುಂಬಿದ ನೀರು, ಮ್ಯಾಲೆ ಮೋಡ. ಅವತ್ತು ರಾತ್ರಿನೇ 19ನೇ ಗೇಟಿನ ಚೈನು ಕಡದು ಗೇಟು ಕೊಚ್ಚಿ ಹೋತು. 33 ಗೇಟಿನ್ಯಾಗ ಒಂದು. ಆ ಒಂದು ವಾರ ನಮ್ಮ ಕಡೆ ರೈತರು ನಿದ್ದಿ ಮಾಡಿಲ್ಲ, ಮುಂದಿನ ನೀರಿನ ಕತಿ ಏನು ಅಂತ. ಗೇಟಿನ ಜಾಗಕ್ಕ ನೀರು ತಡಿಯೋ ತಾತ್ಕಾಲಿಕ ಸ್ಟಾಪ್‌ಲಾಗ್ ಕೂಡ್ರಿಸೋತನಕ ನೀರು ಇಳಿಯೋದು ನನ್ನ ಫೋಟೊದಾಗ ದಿನಾ ಕಾಣತೈತಿ, ದಂಡಿ ಕಲ್ಲು ಒಂದೊಂದಾಗಿ ಹೊರಗ ಬರೋದು. ಆಮ್ಯಾಲೆ ಮಳಿ ಬಂದು ಮತ್ತ ತುಂಬಿತು.

10ನೇ ತಾರೀಖಿನ ಫೋಟೊ ತೆಗಿಯೋವಾಗ ಇವತ್ತು ಬ್ಯಾಡ, ನಿನ್ನಿದೇ ನೀರು ಅಂತ ಮನಸ್ನ್ಯಾಗ ಬಂದಿತ್ತು. ಹೆಂಡತಿ "ಹೋಗಿ ತಕ್ಕೊಂಡ್ ಬರ್ರಿ" ಅಂದಳು.

ಶಕ್ತಿನಗರದವ · ಸಂಜೆ 4:20
ಒಂದು ಎಚ್ಚರಿಕಿ: ಅಣೆಕಟ್ಟಿನ ಮ್ಯಾಲೆ, ನಮ್ಮ ಥರ್ಮಲ್ ಸ್ಥಾವರದ ಒಳಗ, "ಫೋಟೊ ನಿಷೇಧ" ಅಂತ ಬೋರ್ಡ್ ಇರೋ ಕಡೆ ಮೊಬೈಲ್ ಎತ್ತಬ್ಯಾಡ್ರಿ. ಮುನಿರಾಬಾದ್ ಅಣ್ಣ ಮನಿ ಮಾಳಿಗಿಯಿಂದ ತೆಗದದ್ದು, ಅದು ಬ್ಯಾರೆ ಮಾತು. ಮತ್ತ ಏಪ್ರಿಲ್ ಬಂದಮ್ಯಾಲ ಬಿಸಿಲಾಗ ಮೊಬೈಲ್ ಕಾದು ಕ್ಯಾಮೆರಾ ತಾನೇ ಬಂದ್ ಆಗ್ತದ. ಮುಂಜಾನಿ ತೆಗದುಬಿಡ್ರಿ.

ಸಂಡೂರು_ಧೂಳು · ಸಂಜೆ 5:00
ಲೆನ್ಸ್ ಒರೆಸೋದು ನೋಡ್ಕೊಳ್ಳಿ. ನಮ್ಮ ಕಡೆ ಅದಿರಿನ ಕೆಂಧೂಳು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸೋಕೆ ಮುಂಚೆ ರಸ್ತೆ ಬದಿ ಬೇವಿನ ಮರನೂ ಕೆಂಪಗೇ ಇದ್ವು. ಅಂಗಿ ತುದಿಯಿಂದ ಉಜ್ಜಿದ್ರೆ ಗೀರು ಬೀಳ್ತೈತೆ. ಮೊದಲು ಊದಿ ಧೂಳು ಹಾರಿಸಿ, ಆಮೇಲೆ ಮೆತ್ತನೆ ಬಟ್ಟೆ. ಆಗ ನಾನು ಮರಗಳ ಫೋಟೊ ತೆಗೀಲಿಲ್ಲ. ಮಳೆ ಬಂದು ತೊಳೆದು ಹಸಿರಾದಾಗ ಹೋಲಿಸೋಕೆ ಒಂದೂ ಇರಲಿಲ್ಲ, ಅದು ಇವತ್ತಿಗೂ ಬೇಜಾರು.

ನೈಟ್‌ಡ್ಯೂಟಿ_ಬಳ್ಳಾರಿ · ಸಂಜೆ 5:30
ಫೋಟೊಗಳನ್ನ ಎಲ್ಲಿ ಇಡ್ತೀರಿ ಎಲ್ಲಾರು? ನನ್ನ ಮೊಬೈಲ್ ತುಂಬೈತೆ.

ರೀಲ್_ಕಾಲದ_ಕಾಕಾ · ಸಂಜೆ 5:48
ಒಂದು ಫೋಟೊ ನಾಲ್ಕು ಎಂಬಿ ಹಿಡಿದ್ರೂ ವರ್ಷಕ್ಕೆ ಒಂದೂವರೆ ಜಿಬಿ ಒಳಗೇ ಬರ್ತೈತೆ ಮಗಳೇ, ತುಂಬಿಸ್ತಿರೋದು ಇದಲ್ಲ, ಗ್ರೂಪಿನಲ್ಲಿ ಬರೋ ವಿಡಿಯೊಗಳು. ವಾಟ್ಸಾಪ್‌ನಲ್ಲಿ ನಿನಗೆ ನೀನೇ ಕಳಿಸಿ ಇಟ್ಕೋಬೇಡ, ಅದು ಫೋಟೊ ಕುಗ್ಗಿಸ್ತೈತೆ, ತೆಗೆದ ತಾರೀಖೂ ಒಳಗಿಂದ ಹೋಗ್ತೈತೆ. ಮೂಲ ಫೈಲನ್ನೇ ಇಡು. ಹೆಸರು ವರ್ಷ-ತಿಂಗಳು-ತಾರೀಖು ಅಂತ ಕೊಟ್ರೆ ತಾನೇ ಸಾಲಾಗಿ ನಿಲ್ತೈತೆ. ಪೆನ್‌ಡ್ರೈವ್ ಒಂದು, ಬೇರೆ ಕಡೆ ಇನ್ನೊಂದು ಪ್ರತಿ. ತಿಂಗಳಿಗೆ ಒಂದಾದ್ರೂ ಕಾಗದದ ಮೇಲೆ ಪ್ರಿಂಟ್ ಹಾಕಿಸು. ನಮ್ಮ ಸ್ಟುಡಿಯೋದಲ್ಲಿ 1980ರ ನೆಗೆಟಿವ್ ಇವತ್ತಿಗೂ ಚೆನ್ನಾಗವೆ, ಮಗನ ಹತ್ತು ವರ್ಷದ ಹಿಂದಿನ ಹಾರ್ಡ್‌ಡಿಸ್ಕ್ ಹೋಗೈತೆ.

ಹಂಪಿಕಡೆ_ಹುಡುಗ · ಸಂಜೆ 6:10
ದಿನಾ ಸ್ಟೇಟಸ್ ಹಾಕಬೇಕಾ ಬೇಡವಾ? ಹಾಕಿದರೆ ನಾಲ್ಕು ಜನ ಕೇಳ್ತಾರೆ, ತಪ್ಪಿಸಲ್ಲ.

ಬಿಸಿಲೂರು · ಸಂಜೆ 6:25
ಬ್ಯಾಡ. ನಾನು 140ಕ್ಕ ಬಿಟ್ಟಿದ್ದು ಅದಕ್ಕೇ. ಯಾರು ನೋಡಿದ್ರು ಅಂತ ನೋಡಲಿಕ್ಕೆ ಹತ್ತಿದೆ, ಆಮ್ಯಾಲ ಮಂದಿ ಮೆಚ್ಚೋ ಫೋಟೊ ಹುಡುಕಲಿಕ್ಕೆ ಹತ್ತಿದೆ. ಗಂಜ್ ಮಾರುಕಟ್ಟ್ಯಾಗ ಹತ್ತಿ ಅಂಡಿಗಿ ಹೊರೋರ ಫೋಟೊ ಬಿಟ್ಟು ಹೂವಿನ ಫೋಟೊ ತೆಗದೀನಿ. ನನಗ ಹೂವು ಬೇಕಾಗಿರಲಿಲ್ಲ.

ಸಿಂಧನೂರು_ಅಕ್ಕ · ಸಂಜೆ 7:15
ಗೊಬ್ಬರದಂಗಡಿ ತಮ್ಮಾ, ನೀನು ಎಲ್ಲಿಗೂ ಹೋಗಾಕ ಆಗಂಗಿಲ್ಲ ಅಂದಿ. ನಿನ್ನ ಗಲ್ಲಾದ ಮುಂದಿನ ಕಟ್ಟಿ ತೆಗಿ. ರೈತರು ಚೀಟಿ, ರೊಕ್ಕ, ಚೀಲ ಇಡೋ ಜಾಗ. ಈಗ ಖಾಲಿ ಇರತೈತಿ, ಯಾಕಂದ್ರ ಹಿಂಗಾರಿ ರಾಶಿ ನಡದೈತಿ, ಬೀಜ ಕೇಳೋರಿಲ್ಲ. ಮೇ ಕೊನಿಗೆ ರೋಹಿಣಿ ಮಳಿ ಬಿದ್ದ ಮರುದಿನ ಅದೇ ಕಟ್ಟಿ ನೋಡು, ಮೆಕ್ಕಿಜೋಳ, ಸಜ್ಜಿ, ಹೆಸರು ಬೀಜದ ಪಾಕೀಟು, ಮ್ಯಾಲೆ ಹತ್ತು ಕೈ. ಮಿರಗ, ಅಂದ್ರ ಮೃಗಶಿರಾ ಮಳಿ, ಕೂಡ್ತಂದ್ರ ನಿಲ್ಲಾಕ ಜಾಗ ಇರಂಗಿಲ್ಲ. ಆಮ್ಯಾಲೆ ಯೂರಿಯಾ ಸಾಲು. ಅಕ್ಟೋಬರಿಗೆ ಕಡ್ಲಿ, ಬಿಳಿಜೋಳ. ಮಳಿ ಕೈ ಕೊಟ್ರ ಅದೂ ಕಟ್ಟಿ ಮ್ಯಾಲೇ ಕಾಣತೈತಿ. ನಮ್ಮ ಕಡೆ ಪಂಚಾಂಗ ನಿನ್ನ ಅಂಗಡ್ಯಾಗ ಐತಿ, ನೀ ಕೋಟಿ ಯಾಕ ಹತ್ತಬೇಕು?

ಎಡದಂಡೆ_ಮುನಿರಾಬಾದ್ · ಸಂಜೆ 7:32
ಅಕ್ಕ ಹೇಳಿದ್ದೇ ಸರಿ. ಮೊಬೈಲ್ ಇಡೋ ಜಾಗಕ್ಕ ಒಂದು ಗುರ್ತು ಹಾಕಿಕೊಳ್ರಿ, ದಿನಾ ಒಂದೇ ಎತ್ತರ ಬರತೈತಿ. ನಾನು ಮಾಳಿಗಿ ಕಟ್ಟಿ ಮ್ಯಾಲೆ ಬಣ್ಣದಾಗ ಒಂದು ಗೆರಿ ಹೊಡದೀನಿ.

ನೈಟ್‌ಡ್ಯೂಟಿ_ಬಳ್ಳಾರಿ · ಸಂಜೆ 7:40
ರೈತರ ಮುಖ ಬರೋ ಹಾಗಿದ್ರೆ ಕೇಳಿ ತೆಗೀರಿ ಅಣ್ಣಾ. ಸಾಲದ ಚೀಟಿ, ಆಧಾರ್ ಕಾರ್ಡು ಕಾಣಬಾರದು. ಗೊಬ್ಬರ ತಗೊಳ್ಳೋಕೆ ಆಧಾರ್ ಕೊಡ್ತಾರಲ್ಲ, ಅದು ಕಟ್ಟೆ ಮೇಲೇ ಇರ್ತೈತೆ.

ಗೊಬ್ಬರದಂಗಡಿ_ಕೊಪ್ಪಳ · ಮಾರ್ಚ್ 2, ರಾತ್ರಿ 9:50
ಎರಡು ದಿನ ಬರಾಕ ಆಗಲಿಲ್ಲ, ಸ್ಟಾಕ್ ಎಣಿಸೋ ಕೆಲಸ ಇತ್ತು. ಎಲ್ಲಾರದೂ ಓದೀನಿ. ಸಿಂಧನೂರು ಅಕ್ಕಾರು ಬರದದ್ದನ್ನ ಮಾಲಕರಿಗೂ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಟ್ಟಿ ಮ್ಯಾಲಿನ ಹಳೆ ಕ್ಯಾಲೆಂಡರ್ ರಾಶಿ ತಾವೇ ತೆಗದ್ರು.

53ನೇ ದಿನಕ್ಕ ಒಂದು ಬಿಳಿ ಹಾಳಿ ಇಟ್ಟು ಮಗಳ ಹೆಸರು, ಜ್ವರ, ತಾರೀಖು ಬರದೀನಿ. ಅದನ್ನ ಆಕಿನೇ ಬಣ್ಣದ ಪೆನ್ಸಿಲ್‌ಲೆ ತಿದ್ದ್ಯಾಳ.

ಇವತ್ತು 61ನೇ ದಿನ. ದಿನಪೂರ್ತಿ ಗಿರಾಕಿ ಕಮ್ಮಿ. ಸಂಜಿ ಆರಕ್ಕ ಒಬ್ಬ ಅಜ್ಜ ಬಂದ್ರು, ಜೋಳದ ರಾಶಿ ಮುಗಿಸಿ ನೆಟ್ಟಗ ಹೊಲದಿಂದ, ಹೋದ ಸಲದ ಬಾಕಿ ಕೊಡಾಕ. ಕಟ್ಟಿ ಮ್ಯಾಲೆ ನೋಟು ಇಟ್ಟು ಒಂದೊಂದನ್ನೇ ಅಂಗೈಲೆ ಸವರಿ ನೆಟ್ಟಗ ಮಾಡ್ತಿದ್ರು. ಬೆರಳ ಸಂದಿನ್ಯಾಗ ರಾಶಿ ಧೂಳು ಇನ್ನೂ ಇತ್ತು. ಒಂದು ಫೋಟೊ ತೆಗಿಲ್ಯಾ ಅಜ್ಜಾ, ಕೈದು ಅಷ್ಟ, ಅಂತ ಕೇಳಿದೆ. "ತೆಗಿ ತಮ್ಮಾ, ಆದ್ರ ಮೊದಲು ಲೆಕ್ಕದ ಬುಕ್ಕಿನ್ಯಾಗ ನನ್ನ ಹೆಸರಿಗೆ ಗೆರಿ ಹೊಡಿ" ಅಂದ್ರು. ಗೆರಿ ಹೊಡದೆ, ಬುಕ್ ಮುಚ್ಚಿ ಬಾಜೂಕ ಇಟ್ಟೆ. ಕಾಕಾ, ಒಂದೇ ಸಲ ಒತ್ತೀನಿ.

ರೀಲ್_ಕಾಲದ_ಕಾಕಾ · ರಾತ್ರಿ 10:05
ಬೆಳಕು ಎಲ್ಲಿಂದ ಬರ್ತಿತ್ತು?

ಗೊಬ್ಬರದಂಗಡಿ_ಕೊಪ್ಪಳ · ರಾತ್ರಿ 10:07
ಬಾಗಲಾ ಕಡೆಯಿಂದ ಕಾಕಾ, ಎಡಕ್ಕ. ಟ್ಯೂಬ್‌ಲೈಟ್ ಆರಿಸಿದ್ದೆ.

ಸಿಂಧನೂರು_ಅಕ್ಕ · ರಾತ್ರಿ 10:12
ನಾಳೆನೂ ಅಲ್ಲೇ ನಿಂತು ತೆಗಿ ತಮ್ಮಾ, ಯಾರೂ ಬರದಿದ್ರೂ.